ಟಪಾಲು ಖರ್ಚು ಬೇರೆ

ಹಳೆಯ ಪುಸ್ತಕಗಳ ಬೆನ್ನಪುಟದಲ್ಲಿ ಬೆಲೆಯ ಕೆಳಗೆ ‘ಟಪಾಲು ಖರ್ಚು ಬೇರೆ’ ಎಂಬ ಮೂರು ಶಬ್ದಗಳನ್ನು ವಾಚಕರು ಕಂಡೇ ಇರುತ್ತಾರೆ. ಪುಸ್ತಕದ ಬೆಲೆ ಪುಸ್ತಕಕ್ಕೆ, ಸಾಗಣೆಯ ವೆಚ್ಚ ಸಾಗಣೆಗೆ. ಒಂದರ ಹೆಸರಿನಲ್ಲಿ ಇನ್ನೊಂದು ಅಡಗಿರಬಾರದು ಎಂಬ ವ್ಯವಹಾರಶುದ್ಧಿ ಆ ಮೂರು ಶಬ್ದಗಳಲ್ಲಿತ್ತು. ಇಂದು ಅಂತರ್ಜಾಲದ ಹರಾಜಿನಲ್ಲಿ ಕೊಳ್ಳುವವರಿಗೂ ಮಾರುವವರಿಗೂ ನಡೆಯುವ ಅನೇಕ ಜಗಳಗಳು ಈ ಶಬ್ದಗಳ ಅರ್ಥ ಕೆಟ್ಟುದರಿಂದಲೇ ಹುಟ್ಟಿರುವಂತೆ ತೋರುತ್ತದೆ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಮುಂಡರಗಿಯ ನಾಣ್ಯಸಂಗ್ರಾಹಕನೊಬ್ಬನು 1957ರ ಒಂದು ನಯಾ ಪೈಸೆಯನ್ನು ಇಂಥ ಹರಾಜಿನಲ್ಲಿ 10 ರೂಪಾಯಿಗೆ ಪಡೆಯುತ್ತಾನೆ. ಟಪಾಲು ಖರ್ಚು 150 ರೂಪಾಯಿ ಎಂದು ಮಾರುವವನು ಮೊದಲೇ ಬರೆದಿದ್ದಾನೆ. ಲಕೋಟೆ ಕೈಗೆ ಬಂದಾಗ ನೋಡಿದರೆ ಅದರ ಮೇಲಿನ ಚೀಟಿಯಲ್ಲಿರುವುದು 55 ರೂಪಾಯಿ ಚಿಲ್ಲರೆ. 2025ರ ಅಕ್ಟೋಬರ್ 1ರಿಂದ 50 ಗ್ರಾಮಿನೊಳಗಿನ ಸ್ಪೀಡ್ ಪೋಸ್ಟು ಪರಊರಿಗೆ ಹೋಗಲು 47 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ; ಆದುದರಿಂದ ಅಂಚೆಯ ಲೆಕ್ಕ ಸರಿಯಾದುದೇ. ಉಳಿದ ತೊಂಬತ್ತಕ್ಕೂ ಹೆಚ್ಚು ರೂಪಾಯಿ ಎಲ್ಲಿ ಹೋಯಿತೆಂದು ಕೊಂಡವನು ಕೇಳುತ್ತಾನೆ. “ಮೊತ್ತವನ್ನು ಮೊದಲೇ ಹೇಳಿದ್ದೆ, ನೀವು ಒಪ್ಪಿಯೇ ಸವಾಲು ಹಾಕಿದಿರಿ” ಎಂದು ಮಾರಿದವನು ಉತ್ತರಿಸುತ್ತಾನೆ. ಇವರಲ್ಲಿ ತಪ್ಪಿದವರು ಯಾರು?

ಮೊದಲು ಕೊಂಡವನ ಮಾತನ್ನು ಪರೀಕ್ಷಿಸೋಣ. ಚೀಟಿಯ ಮೇಲೆ ಕಂಡುದೇ ಪೂರ್ತಿ ವೆಚ್ಚವೆಂದು ತಿಳಿಯುವುದು ಅವಿಚಾರ. ಶಿರಹಟ್ಟಿ ತಾಲೂಕಿನ ಹಳ್ಳಿಯೊಂದರಿಂದ ಮಾರುವವನು ರಟ್ಟು ತರಬೇಕು, ಅಂಟುಪಟ್ಟಿ ತರಬೇಕು, ಬಸ್ಸು ಹಿಡಿದು ಅಂಚೆಕಚೇರಿಗೆ ಬರಬೇಕು, ಸರತಿಯಲ್ಲಿ ನಿಲ್ಲಬೇಕು. ಇವೆಲ್ಲವೂ ದುಡಿಮೆಯೇ. ಶ್ರಮಕ್ಕೆ ಪ್ರತಿಫಲ ಕೇಳುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ; ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕಾಯಕವನ್ನೂ ಲೆಕ್ಕ ನೋಡುವ ಬಸವಣ್ಣನವರ ಕಾಯಕವನ್ನೂ ಒಂದೇ ಪೀಠದಲ್ಲಿರಿಸಿದ ನಾಡು ನಮ್ಮದು. ಕಾನೂನು ಕೂಡ ಇಲ್ಲಿ ಒಂದು ಗೆರೆ ಎಳೆದಿದೆ. 1930ರ ಸರಕು ಮಾರಾಟ ಕಾಯ್ದೆಯ 36ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಸರಕು ಇದ್ದ ಸ್ಥಳದಲ್ಲಿಯೇ ಅದನ್ನು ಒಪ್ಪಿಸತಕ್ಕದ್ದು. ಒಪ್ಪಿಸುವ ಸ್ಥಿತಿಗೆ ತರುವ ವೆಚ್ಚ ಮಾರುವವನದು. ಎಂದರೆ, ಕಟ್ಟುವ ಖರ್ಚು ಮಾರುವವನಿಗೆ, ಒಯ್ಯುವ ಖರ್ಚು ಕೊಳ್ಳುವವನಿಗೆ. ಬೇರೆ ಒಪ್ಪಂದ ಮಾಡಿಕೊಳ್ಳಲು ಅಡ್ಡಿಯಿಲ್ಲ. ಆದರೆ ಒಪ್ಪಂದವೆಂಬುದು ಬಾಯಿಬಿಟ್ಟು ಹೇಳಿದ ಮಾತಾಗಿರಬೇಕು. ಕಟ್ಟುವ ಕೂಲಿ 40 ರೂಪಾಯಿ ಎಂದು ಬರೆದಿದ್ದರೆ ಮುಂಡರಗಿಯವನು ಜಗಳಕ್ಕೆ ನಿಲ್ಲುತ್ತಿದ್ದನೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಮಾರುವವನ ವಾದ. ಇದು ಮೇಲುನೋಟಕ್ಕೆ ಬಲವಾದುದು. 10 ಮತ್ತು 150 ಕೂಡಿದರೂ 105 ಮತ್ತು 55 ಕೂಡಿದರೂ 160ಯೇ. ಕೊಳ್ಳುವವನ ಕಿಸೆಯಿಂದ ಹೋಗುವುದು ಅಷ್ಟೇ. ಹೀಗಿರುವಾಗ ಯಾವ ಹೆಸರಿನಲ್ಲಿ ತೆಗೆದುಕೊಂಡರೇನು ಎಂದು ಅವನು ಕೇಳುತ್ತಾನೆ. ಮೊತ್ತ ಒಂದೇ ಆದಾಗ ಹೆಸರಿನ ಸುಳ್ಳು ಸುಳ್ಳಲ್ಲವೆಂಬುದು ಇಲ್ಲಿಯ ತತ್ವ. ಹಾಗಾದರೆ ಮೊತ್ತ ಒಂದೇ ಆಗಿರದ ಸಂದರ್ಭಗಳನ್ನು ನೋಡಬೇಕು. ಅದೇ ಸಂಗ್ರಾಹಕನು ಒಂದೇ ದಿನ ಮೂರು ನಾಣ್ಯಗಳನ್ನು ಕೊಂಡನೆನ್ನಿ. ಮೂರೂ ಒಂದೇ ಲಕೋಟೆಯಲ್ಲಿ ಬರುತ್ತವೆ, ಅಂಚೆಗೆ ಸಲ್ಲುವುದು ಒಂದೇ ದರ. ಆದರೆ ಅವನು ಕೊಟ್ಟುದು 450 ರೂಪಾಯಿ. ಅಥವಾ ನಾಣ್ಯ ನಕಲಿಯೆಂದು ತಿಳಿದು ಹಿಂದಿರುಗಿಸುತ್ತಾನೆನ್ನಿ. “ನಾಣ್ಯದ ಬೆಲೆ ಮರಳಿಸಿದ್ದೇನೆ, ಟಪಾಲಿನ ಹಣ ಅಂಚೆಗೆ ಹೋಯಿತು” ಎಂದು ಮಾರುವವನು 10 ರೂಪಾಯಿ ಕಳಿಸಿ ಕೈತೊಳೆದುಕೊಳ್ಳುತ್ತಾನೆ. ನಕಲಿಯನ್ನು ಮಾರಿದವನಿಗೆ ಲಾಭ ಉಳಿಯಿತು, ಕೊಂಡವನಿಗೆ ನಷ್ಟ ಉಳಿಯಿತು. ಮೂರನೆಯದು ಹರಾಜುಕಟ್ಟೆಯವರ ಪಾಲು. 1995ರಲ್ಲಿ ಅಮೇರಿಕೆಯಲ್ಲಿ ಆರಂಭವಾದ ಈಬೇ ಸಂಸ್ಥೆಯು ಬಹುಕಾಲ ವಸ್ತುವಿನ ಬೆಲೆಯ ಮೇಲೆ ಮಾತ್ರ ತನ್ನ ದಲಾಲಿಯನ್ನು ಎಣಿಸುತ್ತಿತ್ತು. ಬೆಲೆಯನ್ನು ಇಳಿಸಿ ಟಪಾಲನ್ನು ಏರಿಸಿದವನಿಗೆ ದಲಾಲಿ ಉಳಿಯುತ್ತಿತ್ತು. ಕಡೆಗೆ 2011ರಲ್ಲಿ ಆ ಸಂಸ್ಥೆ ಅಮೇರಿಕೆಯಲ್ಲಿ ಸಾಗಣೆವೆಚ್ಚವನ್ನೂ ಕೂಡಿಸಿಯೇ ದಲಾಲಿ ಎಣಿಸತೊಡಗಿತು. ಆಗ ಪ್ರಾಮಾಣಿಕವಾಗಿ ಅಂಚೆಯ ದರವನ್ನಷ್ಟೇ ಕೇಳುತ್ತಿದ್ದವರೂ ಟಪಾಲಿನ ಹಣಕ್ಕೆ ದಲಾಲಿ ತೆರಬೇಕಾಯಿತು. ಕೆಲವರ ಜಾಣತನದ ದಂಡವನ್ನು ಎಲ್ಲರೂ ಕಟ್ಟಿದರು. (ಭಾರತದಲ್ಲಿ 2004ರಲ್ಲಿ ಬಾಜೀ ಎಂಬ ಹರಾಜುತಾಣವನ್ನು ಕೊಂಡು ಬಂದ ಈಬೇಯ ಇಲ್ಲಿಯ ಅಂಗಡಿ 2018ರಲ್ಲಿ ಮುಚ್ಚಿತು. ಹರಾಜು ಮಾತ್ರ ನಿಲ್ಲಲಿಲ್ಲ. ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಿಗೆ ಸ್ಥಳ ಬದಲಿಸಿತು.)

ಆದುದರಿಂದ ಹೆಸರು ಬರಿಯ ಹೆಸರಲ್ಲ. ಟಪಾಲಿಗೆಂದು ತೆಗೆದುಕೊಂಡ ಹಣ ಮಾರುವವನ ಕೈಯಲ್ಲಿರುವ ಪರರ ಹಣ. ಅಂಚೆಯವರಿಗೆ ಮುಟ್ಟಿಸುವುದಕ್ಕಾಗಿ ನಂಬಿ ಕೊಟ್ಟ ಇಡುಗಂಟು. ಅದರಲ್ಲಿ ತನ್ನ ಲಾಭವನ್ನು ಅಡಗಿಸುವುದು ಲಾಭಕ್ಕಿಂತಲೂ ಹೀನವಾದುದು, ಏಕೆಂದರೆ ಲಾಭವನ್ನು ಲಾಭವೆಂದು ಹೇಳುವ ಧೈರ್ಯ ಅಲ್ಲಿಲ್ಲ. ಆಯ್ದಕ್ಕಿ ಮಾರಯ್ಯನ ಕಥೆ ವಾಚಕರಿಗೆ ಗೊತ್ತಿದ್ದುದೇ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಆ ಅಕ್ಕಿಯನ್ನು ಯಾರೂ ಅಳೆದಿರಲಿಲ್ಲ, ಯಾರೂ ಬೇಡವೆಂದಿರಲಿಲ್ಲ, ಕೇಳಿದ್ದರೆ ಬಸವಣ್ಣನವರು ಇನ್ನೂ ಕೊಡುತ್ತಿದ್ದರು. “ನೀವು ಒಪ್ಪಿದಿರಲ್ಲ” ಎಂಬ ಉತ್ತರಕ್ಕೆ ಅಲ್ಲಿ ಎಲ್ಲ ಅನುಕೂಲವೂ ಇತ್ತು. ಆದರೂ ಲಕ್ಕಮ್ಮ ನೋಡಿದ್ದು ಪರರ ಒಪ್ಪಿಗೆಯನ್ನಲ್ಲ, ತನ್ನ ಮನೆಗೆ ಬಂದ ಅಳತೆಯನ್ನು.

ಗದಗಿನ ರೈತನಿಗೆ ಈ ಸಂಗತಿ ಹೊಸದಾಗಿ ಕಾಣಲಾರದು. ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿಯ ಲಿಲಾವಿನಲ್ಲಿ ಕೂಗಿದ ದರ ಒಂದು, ಪಟ್ಟಿಯ ಕೆಳಗೆ ಉಳಿಯುವ ಮೊತ್ತ ಇನ್ನೊಂದು. ನಡುವೆ ಹಮಾಲಿ, ತೂಕ, ಸೂಟು ಎಂದು ಹೆಸರುಗಳ ಸಾಲು. ಹಮಾಲನ ಬೆನ್ನಿಗೆ ಸಲ್ಲತಕ್ಕ ಹಣದ ಬಗ್ಗೆ ರೈತ ತಕರಾರು ಮಾಡುವುದಿಲ್ಲ. ಹಮಾಲನ ಹೆಸರು ಹೇಳಿ ಬೇರೆಯವನು ತೆಗೆದುಕೊಂಡುದರ ಬಗ್ಗೆಯೇ ಅವನ ಹೊಟ್ಟೆಯುರಿ. ದಲಾಲಿಯನ್ನು ಬೆಳೆದವನಿಂದ ಮುರಿಯಕೂಡದು, ಕೊಳ್ಳುವವನೇ ತೆರಬೇಕು ಎಂದು ಕರ್ನಾಟಕದ ಮಾರುಕಟ್ಟೆ ಕಾನೂನಿನಲ್ಲಿ ಬರೆಯಬೇಕಾಗಿ ಬಂದುದು ಸುಮ್ಮನೆ ಅಲ್ಲ. 2014ರಿಂದ ರಾಜ್ಯದ ಮಾರುಕಟ್ಟೆಗಳಲ್ಲಿ ಗಣಕಯಂತ್ರದ ಟೆಂಡರು ಬಂದಿತು. ಯಂತ್ರವು ದರವನ್ನು ಪ್ರಕಟಿಸಬಲ್ಲದು. ಚೀಟಿಯಲ್ಲಿ ಬರೆಯದೆ ಮುರಿದುಕೊಂಡುದನ್ನು ಅದು ಕಾಣಲಾರದು.

ಟಪಾಲಿನ ವಿಷಯದಲ್ಲಿಯೂ ಸರಕಾರ ಸುಮ್ಮನೆ ಕುಳಿತಿಲ್ಲ. 2020ರ ಇ-ವಾಣಿಜ್ಯ ನಿಯಮಗಳು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕೆಂದೂ, ಅದರೊಳಗಿನ ಸಾಗಣೆ, ಟಪಾಲು, ಕಟ್ಟುವ ಖರ್ಚು, ತೆರಿಗೆಗಳನ್ನು ಬಿಡಿಸಿ ಹೇಳಬೇಕೆಂದೂ ವಿಧಿಸಿವೆ. ಆದರೆ ವೃತ್ತಿಯಾಗಿ ಅಲ್ಲದೆ ಎಂದೋ ಒಮ್ಮೆ ಮನೆಯ ವಸ್ತುವನ್ನು ಮಾರುವ ವ್ಯಕ್ತಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅಂಥವನ ಮೇಲೆ ಅವನ ಅಂತಃಸಾಕ್ಷಿಯ ಹೊರತು ಬೇರೆ ಅಧಿಕಾರಿಯಿಲ್ಲ.

ಕೆಲವರು ಈ ರಗಳೆಯೇ ಬೇಡವೆಂದು ‘ಟಪಾಲು ಉಚಿತ’ ಎಂದು ಬರೆಯುತ್ತಾರೆ. ಅದೂ ಪೂರ್ಣ ಸತ್ಯವಲ್ಲ. ಟಪಾಲಿನ ಹಣ ಬೆಲೆಯೊಳಗೆ ಸೇರಿದೆ, ಗದಗಿನಲ್ಲಿ ಅಂಗಡಿಗೇ ಬಂದು ಕೊಂಡವನೂ ದೂರದವನ ಟಪಾಲಿನ ಪಾಲನ್ನು ಕೊಡುತ್ತಾನೆ. ಆದರೂ ನಾನು ಇದನ್ನು ಅಷ್ಟಾಗಿ ದೂಷಿಸಲಾರೆ. 1854ಕ್ಕೆ ಮುಂಚೆ ಭಾರತದಲ್ಲಿ ಪತ್ರದ ದರ ದೂರವನ್ನು ಅನುಸರಿಸಿ ಏರುತ್ತಿತ್ತು. ಆ ವರ್ಷದ ಕಾಯ್ದೆ ಕಾಲು ತೊಲೆಯ ಪತ್ರಕ್ಕೆ ದೇಶಾದ್ಯಂತ ಅರ್ಧ ಆಣೆಯೆಂದು ನಿಗದಿಮಾಡಿತು. ಹತ್ತಿರದವನು ದೂರದವನ ಭಾರದಲ್ಲಿ ಅಷ್ಟು ಹೊತ್ತನು. ರೈಲು ಗದಗದವರೆಗೆ ಬಂದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಮುಟ್ಟದೆ ಉಳಿದರೂ ಕಾರ್ಡು ಎಲ್ಲರಿಗೂ ಒಂದೇ ಬೆಲೆಗೆ ಮುಟ್ಟಿತು. ಇದು ದಾಸೋಹದ ಬುದ್ಧಿಗೆ ಹತ್ತಿರವಾದ ಏರ್ಪಾಡು. ‘ಉಚಿತ’ ಎಂಬ ಶಬ್ದದ ಬದಲಿಗೆ ‘ಟಪಾಲು ಸಹಿತ’ ಎಂದು ಬರೆದರೆ ಆಕ್ಷೇಪಕ್ಕೆ ಅವಕಾಶವೇ ಉಳಿಯದು.

ಇಷ್ಟು ಹೇಳಿ ಕೊಳ್ಳುವವನನ್ನು ಬಿಟ್ಟರೆ ವಿಚಾರ ಕುಂಟಾಗುತ್ತದೆ. ಟಪಾಲಿನ ಖರ್ಚು ಈಚೆಗೆ ನಿಜವಾಗಿಯೂ ಏರಿದೆ. ಪುಸ್ತಕ ಕಳಿಸುವವರಿಗೆ ಆಸರೆಯಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಂದು ‘ಜ್ಞಾನ ಪೋಸ್ಟ್’ ಬಂದರೂ ಅದಕ್ಕೆ ತನ್ನವೇ ಆದ ಕಟ್ಟಳೆಗಳಿವೆ. ಇದನ್ನರಿಯದೆ ಸಣ್ಣ ಪ್ರಕಾಶಕನನ್ನು ಕಳ್ಳನೆಂದು ಕರೆಯುವವರು ಇದ್ದಾರೆ. ಇವರಿಗಿಂತ ಕಠಿಣರಾದವರು ಇನ್ನೊಂದು ವರ್ಗ. 1877ರಲ್ಲಿ ಬಂದ ವ್ಹಿ. ಪಿ. ಪದ್ಧತಿಯಲ್ಲಿ ಮಾರುವವನು ಅಂಚೆಯ ಹಣವನ್ನು ಮುಂಗಡವಾಗಿ ತೆತ್ತು ಕಳಿಸುತ್ತಾನೆ. ಪಡೆಯುವವನು ಬಾಗಿಲಲ್ಲಿ ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ಇಂದಿನ ಕೊರಿಯರಿನವರ ‘ಮುಟ್ಟಿದ ಮೇಲೆ ಹಣ’ ಎಂಬುದೂ ಅದೇ ನಂಬಿಕೆಯ ಮೇಲೆ ನಿಂತಿದೆ. ಬೆಟಗೇರಿಯ ನೇಕಾರನೊಬ್ಬನು ಹಾಗೆ ಕಳಿಸಿದ ಸೀರೆ ಕೊಂಡವನ ಬಾಗಿಲಿಗೆ ಹೋಗುವಷ್ಟರಲ್ಲಿ ಅವನ ಮನಸ್ಸು ಬದಲಾಗಿರುತ್ತದೆ, ಅಥವಾ ಬೇರೆಲ್ಲೋ ಹತ್ತು ರೂಪಾಯಿ ಸೋವಿಯಾಗಿ ಸಿಕ್ಕಿರುತ್ತದೆ. ಕಟ್ಟು ಬಿಚ್ಚದೆ ಮರಳಿ ಬರುತ್ತದೆ. ಹೋದ ದಾರಿಯ ಖರ್ಚು, ಅನೇಕವೇಳೆ ಬಂದ ದಾರಿಯದೂ, ಮಗ್ಗದ ಮುಂದೆ ಕುಳಿತವನ ತಲೆಯ ಮೇಲೆ. ಒಲ್ಲೆನೆಂದವನಿಗೆ ಆದ ಖರ್ಚು, ತಂದವನ ಮುಂದೆ ಕದ ಮುಚ್ಚಿಕೊಂಡುದಷ್ಟೇ.