ಎರಡು ತೂಕದ ನ್ಯಾಯ

ಯುದ್ಧದ ಕ್ರೌರ್ಯಕ್ಕೆ ಕಡಿವಾಣ ಹಾಕಲೆಂದೇ ಅಂತಾರಾಷ್ಟ್ರೀಯ ಕಾನೂನು ರೂಪುಗೊಂಡಿತು. ಅದನ್ನೇ ಯುದ್ಧದ ಆಯುಧವಾಗಿ ಬಳಸುವುದು ಧರ್ಮವೇ? ಇಂತಹ ಬಳಕೆಗೆ ‘ಲಾಫೇರ್’ ಎಂಬ ಹೆಸರು, ಅಮೆರಿಕದ ವಾಯುಪಡೆಯ ಅಧಿಕಾರಿ ಚಾರ್ಲ್ಸ್ ಡನ್‌ಲಪ್ 2001ರಲ್ಲಿ ಬರೆದ ಪ್ರಬಂಧದಿಂದ ಪ್ರಚಾರಕ್ಕೆ ಬಂದಿತು. ಹೆಸರು ಹೊಸದಾದರೂ ಪ್ರಶ್ನೆ ಹಳೆಯದು.

ಶಸ್ತ್ರವನ್ನು ಕೆಳಗಿಟ್ಟು ನ್ಯಾಯಾಲಯದ ಮೆಟ್ಟಿಲೇರುವುದು ದೋಷವಲ್ಲ. ಗೃಹಸ್ಥನಿಗೆ ಆತ್ಮರಕ್ಷಣೆಯ ವಿರೋಧಿ ಹಿಂಸೆ ಅನಿವಾರ್ಯವಾಗಬಹುದೆಂದು ಒಪ್ಪುವ ಜೈನಧರ್ಮವು, ಆ ಹಿಂಸೆಯು ಅಲ್ಪವಾದಷ್ಟೂ ಶ್ರೇಯಸ್ಸೆಂದೇ ಭಾವಿಸುತ್ತದೆ. ಹಾಗಾದರೆ ದೋಷ ಎಲ್ಲಿ ಆರಂಭವಾಗುತ್ತದೆ? ತತ್ತ್ವಾರ್ಥಸೂತ್ರದಲ್ಲಿ ಆಚಾರ್ಯ ಉಮಾಸ್ವಾಮಿಗಳು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ಇಲ್ಲಿ ದಾರಿ ತೋರುತ್ತವೆ.

ಮೊದಲನೆಯದು ಹೀನಾಧಿಕ ಮಾನೋನ್ಮಾನ. ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು. 1979ರ ನವೆಂಬರಿನಲ್ಲಿ ತೆಹರಾನಿನ ತನ್ನ ರಾಯಭಾರ ಕಚೇರಿ ಆಕ್ರಮಣಕ್ಕೊಳಗಾದಾಗ ಅಮೆರಿಕವು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಮೊರೆಹೋಯಿತು. ಇರಾನ್ ಹಾಜರಾಗಲಿಲ್ಲ. 1980ರ ಮೇ ತಿಂಗಳಲ್ಲಿ ತೀರ್ಪು ಅಮೆರಿಕದ ಪರವಾಗಿ ಬಂದಿತು. 1984ರಲ್ಲಿ, ಬಂದರುಗಳಲ್ಲಿ ಸಿಡಿಗುಂಡುಗಳನ್ನು ಇರಿಸಿದ್ದಕ್ಕಾಗಿ ಮತ್ತು ಬಂಡುಕೋರರಿಗೆ ನೆರವಿತ್ತದ್ದಕ್ಕಾಗಿ ನಿಕರಾಗುವಾ ದೇಶವು ಅಮೆರಿಕವನ್ನೇ ಅದೇ ನ್ಯಾಯಾಲಯಕ್ಕೆ ಎಳೆಯಿತು. ವಿಚಾರಣೆಯ ಅಧಿಕಾರ ತನಗಿದೆಯೆಂದು ನ್ಯಾಯಾಲಯ ನಿರ್ಣಯಿಸಿದ ಮೇಲೆ, 1985ರ ಜನವರಿಯಲ್ಲಿ ಅಮೆರಿಕ ಹೊರನಡೆಯಿತು. 1986ರ ಜೂನ್ 27ರ ಪ್ರತಿಕೂಲ ತೀರ್ಪನ್ನು ಮನ್ನಿಸಲಿಲ್ಲ. ತಕ್ಕಡಿ ಒಂದೇ, ತೂಕದ ಬಟ್ಟು ಮಾತ್ರ ಬೇರೆಯಾಯಿತು.

ಎರಡನೆಯದು ಪ್ರತಿರೂಪಕ ವ್ಯವಹಾರ. ನಕಲಿಯನ್ನು ಅಸಲೆಂದು ನಡೆಸುವುದು. 2008ರ ಜುಲೈ 2ರಂದು ಕೊಲಂಬಿಯಾದ ಸೇನೆಯು, ನೆರವು ಸಂಸ್ಥೆಯವರಂತೆ ವೇಷ ಧರಿಸಿ, ಗುಂಡು ಹಾರಿಸದೆ 15 ಒತ್ತೆಯಾಳುಗಳನ್ನು ಬಿಡಿಸಿತು. ಅವರಲ್ಲೊಬ್ಬನು ರೆಡ್ ಕ್ರಾಸ್ ಚಿಹ್ನೆ ಧರಿಸಿದ್ದನೆಂದು ಅಧ್ಯಕ್ಷ ಉರಿಬೆ ಬಳಿಕ ಒಪ್ಪಿಕೊಂಡು ಆ ಸಂಸ್ಥೆಯ ಕ್ಷಮೆ ಕೋರಿದರು. ಹದಿನೈದು ಜೀವಗಳು ಬಂಧಮುಕ್ತವಾದುದು ಸಣ್ಣ ಮಾತಲ್ಲ. ಆದರೆ ಆ ಚಿಹ್ನೆ ಸೇನೆಯ ಸ್ವತ್ತಲ್ಲ. ಮುಂದೊಂದು ದಿನ ನಿಜವಾದ ಶುಶ್ರೂಷಕನನ್ನು ಕಂಡ ಬಂಡುಕೋರನು ಸಂಶಯದಿಂದ ಬಂದೂಕೆತ್ತಿದರೆ, ಅದರ ಬೆಲೆ ತೆರುವವನು ಗಾಯಾಳು. ರಕ್ತ ಹರಿಯದಿದ್ದರೂ ಅನ್ಯರ ವಿಶ್ವಾಸವನ್ನು ಅಪಹರಿಸಿದಂತಾಯಿತು.

ಶತ್ರುವೇ ನಿಯಮ ಮುರಿದಾಗ ತನಗೇಕೆ ನಿಯಮವೆಂಬ ವಾದವೂ ಉಂಟು. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲನೆಯ ಪೂರಕ ಒಡಂಬಡಿಕೆಯ 51ನೆಯ ವಿಧಿ ಇದನ್ನು ಒಪ್ಪುವುದಿಲ್ಲ: ಎದುರಾಳಿಯ ಉಲ್ಲಂಘನೆಯು, ನಾಗರಿಕರ ವಿಷಯದಲ್ಲಿ ಮತ್ತೊಬ್ಬನ ಹೊಣೆಯನ್ನು ತೊಡೆಯದು. ವ್ಯಾಪಾರದ ಕರಾರು ಒಬ್ಬನು ತಪ್ಪಿದರೆ ಮುರಿಯಬಹುದು, ವ್ರತವು ಕರಾರಲ್ಲ. ಶ್ರಾವಕನು ನೆರೆಯವನ ನಡತೆಯನ್ನು ನೋಡಿ ಅಣುವ್ರತ ಪಾಲಿಸುವುದಿಲ್ಲ. ರಾಷ್ಟ್ರಗಳೂ ಕಾನೂನನ್ನು ವ್ರತದಂತೆ ಹಿಡಿದಾಗಲೇ ಅದು ನಿರಪರಾಧಿಗೆ ಆಸರೆಯಾದೀತು.