ಮನೆಮಾತು ಮತ್ತು ಸಂಸ್ಕಾರ



1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯವನ್ನು ಸೇರಿದವು. ಗಡಿ ಸರಿದರೂ ಹಾಲಹರವಿಯ ಸೀಮೆಯಲ್ಲಿ ಕನ್ನಡ ಉಳಿಯಿತು. ಬೀದಿಯಲ್ಲಿ ಕನ್ನಡ, ತೆಲುಗು. ಕೆಲವು ಜೈನ ಮನೆಗಳೊಳಗೆ ಮಾರವಾಡಿ, ಗುಜರಾತಿ. ಇಂತಲ್ಲಿ ಬೆಳೆಯುವ ಮಕ್ಕಳು ತಾವು ಯಾರೆಂದು ತಿಳಿದಾರು ಎಂಬ ಚಿಂತೆ ಹಿರಿಯರಿಗೆ ಸಹಜ.

ಆಚಾರ್ಯ ಕುಂದಕುಂದರ ಊರೆಂದು ಪರಂಪರೆಯು ಹೇಳುವ ಕೊನಕೊಂಡ್ಲ ಗುಂತಕಲ್ಲಿನ ಬಳಿಯಲ್ಲಿಯೇ ಇದೆ. ಅವರು ಗ್ರಂಥಗಳನ್ನು ರಚಿಸಿದ್ದು ಪ್ರಾಕೃತದಲ್ಲಿ. ಣಮೋಕಾರ ಮಂತ್ರವೂ ಪ್ರಾಕೃತವೇ. ಅದು ಇಂದು ಯಾರ ಮನೆಮಾತೂ ಅಲ್ಲ, ಆದುದರಿಂದಲೇ ಎಲ್ಲ ಮನೆಗಳಿಗೂ ಸೇರಿದ್ದು.

ಮಗುವು ಜೈನತ್ವವನ್ನು ಹೊತ್ತು ಹುಟ್ಟುವುದಿಲ್ಲ, ನೋಡಿ ಕಲಿಯುತ್ತದೆ. ಅಜ್ಜಿ ನೀರು ಸೋಸುವುದನ್ನು, ತಾಯಿ ಕಾಳಿನೊಳಗಿನ ಹುಳುವನ್ನು ಕೊಲ್ಲದೆ ಹೊರಗೆ ಬಿಡುವುದನ್ನು, ತಂದೆ ತಕ್ಕಡಿ ಹಿಡಿಯುವ ರೀತಿಯನ್ನು. ತಪ್ಪು ತೂಕವನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಹಗಲು ಹಾಗೆ ತೂಗಿ ಸಂಜೆ ಸಾಮಾಯಿಕಕ್ಕೆ ಕುಳಿತರೆ ಮಗು ಎರಡನ್ನೂ ಕಲಿಯುತ್ತದೆ. ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚಿ ಉಣ್ಣುವವರು (ಇಂಥವರೇ ಭಾಷೆಯ ಬಗೆಗೆ ಹೆಚ್ಚು ಮರುಗುವರು!) ಸೂರ್ಯಾಸ್ತದ ನಿಯಮವನ್ನು ಯಾವ ನುಡಿಯಲ್ಲಿ ಬೋಧಿಸಿಯಾರು?

ಈ ಸಲ ಕ್ಷಮಾಪಣೆಯ ದಿನ ತೆಲುಗು ನೆರೆಯವರಲ್ಲಿ ತೆಲುಗಿನಲ್ಲಿಯೇ ಕ್ಷಮೆ ಬೇಡೋಣ. ಮಕ್ಕಳು ಪಕ್ಕದಲ್ಲಿ ನಿಂತಿರಲಿ.