ಎರವಿನ ಕೊಡಲಿ

ಎರವಾಗಿ ತಂದ ವಸ್ತುವನ್ನು ನಾವು ಕೆಡಿಸಿ, ಬಳಿಕ ನಮ್ಮ ಕೈಯಿಂದಲೇ ಸರಿಮಾಡಿ ಹಿಂದಕ್ಕೆ ಕೊಟ್ಟರೆ ಆ ಋಣವು ತೀರಿತೋ, ಇಲ್ಲವೋ? ಇದು ಅಲ್ಪವಾದ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ನನಗೂ ಹಾಗೆಯೇ ತೋರಿತ್ತು.

ಒಂದು ಮಳೆಗಾಲದ ಮೊದಲಲ್ಲಿ ನೆರೆಯವನಿಂದ ಕೊಡಲಿಯೊಂದನ್ನು ಕೇಳಿ ತಂದೆನು. ಅದು ಅವನ ತಂದೆಯ ಕಾಲದ್ದು. ಸೌದೆ ಒಡೆದಾದ ಮೇಲೆ ಅದನ್ನು ಸೂರಿನ ಕೆಳಗಿಟ್ಟು ಮರೆತೆನು. ಎರಡು ತಿಂಗಳ ತರುವಾಯ ನೋಡಲಾಗಿ ಅದು ಕೆಮ್ಮಣ್ಣಿನ ಹೆಂಟೆಯ ಹಾಗೆ ಕಾಣಿಸಿತು. ನಾನು ಅದಕ್ಕೆ ಏನೂ ಮಾಡಿರಲಿಲ್ಲ. ಏನೂ ಮಾಡದೆ ಇದ್ದದ್ದೇ ನನ್ನ ತಪ್ಪಾಗಿತ್ತು.

ತುಕ್ಕು ಹೊರಗಿನಿಂದ ಬಂದು ಅಂಟುವ ಕೊಳೆಯೆಂದು ನಮ್ಮಲ್ಲಿ ಅನೇಕರು ಎಣಿಸುತ್ತಾರೆ. ಹಾಗಲ್ಲ. ನೀರೂ ಗಾಳಿಯಲ್ಲಿರುವ ಆಮ್ಲಜನಕವೂ ಕೂಡಿ ಕಬ್ಬಿಣವನ್ನೇ ತುಕ್ಕಾಗಿ ಮಾರ್ಪಡಿಸುತ್ತವೆ. ತಾಮ್ರದ ಮೇಲೆ ಹುಟ್ಟುವ ಕಿಲುಬು ಒಳಗಿನ ಲೋಹವನ್ನು ತಕ್ಕಮಟ್ಟಿಗೆ ಕಾಯುವದು. ಕಬ್ಬಿಣದ ತುಕ್ಕಾದರೋ ಉಬ್ಬಿ, ಸಡಿಲವಾಗಿ, ಪದರುಪದರಾಗಿ ಉದುರಿ ತೇವಕ್ಕೆ ಒಳದಾರಿಯನ್ನು ಬಿಡುವದು. (ದೆಹಲಿಯಲ್ಲಿ ಕುತುಬ್ ಮಿನಾರಿನ ಬಳಿ ಸುಮಾರು 1,600 ವರ್ಷಗಳ ಕಬ್ಬಿಣದ ಕಂಬವೊಂದು ಹೆಚ್ಚು ಕೆಡದೆ ನಿಂತಿರುವದು. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವದರಿಂದ ಮೇಲೆ ಕಾಯುವ ಪೊರೆಯೊಂದು ಹುಟ್ಟಿದೆಯೆಂದು ಬಲ್ಲವರು ಹೇಳುತ್ತಾರೆ. ನಮ್ಮ ಕೊಡಲಿಗಳಿಗೆ ಆ ಭಾಗ್ಯವಿಲ್ಲ.) ಆದಕಾರಣ ತುಕ್ಕು ತೆಗೆಯುವವನು ಕೊಳೆಯನ್ನು ತೊಳೆಯುವವನಲ್ಲ; ಆಗಲೇ ಹಾಳಾದ ಕಬ್ಬಿಣವನ್ನು ಹೊರಗೆ ಹಾಕುವವನು.

ಬೆಂಕಿಗೆ ಹಾಕಿದರೆ ಬೇಗನೆ ಆಗುವದೆಂದು ಮೊದಲು ಯೋಚಿಸಿದೆನು. ಹಾಗೆ ಮಾಡದೆ ಹೋದದ್ದು ಒಳ್ಳೇದಾಯಿತು. ಯಾಕಂದರೆ ಉಕ್ಕಿನ ಬಾಯಿ ನೀಲಿಬಣ್ಣಕ್ಕೆ ತಿರುಗುವಷ್ಟು, ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೆ, ಅದರ ಗಡಸು ಇಳಿದು ಅಲಗು ಮೊದಲಿನಂತೆ ನಿಲ್ಲದು. ಆದದರಿಂದ ಒಂದು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಗೋಣಿಯ ಚೂರಿನಿಂದಲೂ ಇಟ್ಟಿಗೆಯ ಪುಡಿಯಿಂದಲೂ ಉಜ್ಜಿದೆನು. ಬಳಿಕ ಬೂದಿಯಿಂದ ಜಿಡ್ಡನ್ನು ತೊಳೆದು, ರಾತ್ರಿಯೆಲ್ಲಾ ಹುಣಿಸೆಯ ಹುಳಿಯಲ್ಲಿಟ್ಟೆನು. ಹುಳಿಯು ತುಕ್ಕನ್ನು ಕರಗಿಸುವದು. ತುಕ್ಕು ತೀರಿದ ಮೇಲೆಯೂ ಬಿಟ್ಟರೆ ಒಳ್ಳೇ ಕಬ್ಬಿಣವನ್ನೂ ತಿನ್ನುವದು. ಬೆಳಿಗ್ಗೆ ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಒರಸಿ, ಬಿಸಿಲಿನಲ್ಲಿ ಒಣಗಿಸಿ, ಎಣ್ಣೆ ಸವರಿದೆನು. ಕೂಡಲೇ ಎಂಬ ಮಾತನ್ನು ಅಲಕ್ಷ್ಯಮಾಡಬಾರದು. ಒದ್ದೆಯ ಕಬ್ಬಿಣವು ಸ್ವಲ್ಪ ಹೊತ್ತಿನಲ್ಲಿಯೇ ಪುನಃ ಕೆಂಪಗಾಗುವದು.

ಕೊಡಲಿಯು ತಂದಾಗಿನದಕ್ಕಿಂತಲೂ ಹೆಚ್ಚಾಗಿ ಹೊಳೆಯಿತು. ಆದರೂ ಅದರ ಕೆನ್ನೆಯ ಮೇಲೆ ಸಣ್ಣ ಸಣ್ಣ ಗುಳಿಗಳು ಉಳಿದವು. ಅವುಗಳನ್ನು ತುಂಬಿಸುವ ಹುಳಿಯಾಗಲಿ ಪುಡಿಯಾಗಲಿ ಇಲ್ಲ.

ಬಾಯಿಬಿಡದೆ ಕೊಟ್ಟುಬಿಡಬಹುದಾಗಿತ್ತು. ಸುಳ್ಳು ಹೇಳಿದೆನೆಂದು ನನ್ನ ಮೇಲೆ ಯಾರೂ ತಪ್ಪು ಹೊರಿಸಲಾರರು. ಆದರೆ ನಾನು ಸುಮ್ಮನಿದ್ದರೆ ಆ ಹೊಳಪೇ ನನ್ನ ಪರವಾಗಿ ಮಾತಾಡುವದು. ಮೂರು ದಿನ ಪಟ್ಟ ಪ್ರಯಾಸವನ್ನು ಹೇಳುವದು, ಎರಡು ತಿಂಗಳ ಅಲಕ್ಷ್ಯವನ್ನು ಹೇಳದು. ಹೇಳಿದರೆ ಅವನಿಗೆ ವ್ಯರ್ಥವಾಗಿ ದುಃಖ, ಹೋದ ಕಬ್ಬಿಣ ಹಿಂದೆ ಬರುವದೋ ಎಂದು ಒಬ್ಬ ಹಿರಿಯನು ನನಗೆ ಅಂದನು. ಈ ಮಾತಿನಲ್ಲಿ ದಯೆಯಿದ್ದರೂ ನಾನು ಅದನ್ನು ಒಪ್ಪಲಿಲ್ಲ. ತನ್ನ ವಸ್ತುವಿಗೆ ಏನಾಯಿತೆಂದು ತಿಳಿಯುವ ಹಕ್ಕೂ ಒಡೆಯನದೇ. ಅದನ್ನು ನಾನು ಎರವಾಗಿ ತಂದಿರಲಿಲ್ಲ. ಹೊಸ ಕೊಡಲಿ ಕೊಂಡುಕೊಡುತ್ತೇನೆಂದರೆ ತೂಕಕ್ಕೆ ತೂಕ ಸರಿಹೋದೀತು. ಅವನ ತಂದೆಯ ಕೈ ಸೋಕಿದ್ದು ಹೊಸದರಲ್ಲಿ ಎಲ್ಲಿದೆ?

ಕೊಂಡುಹೋಗಿ ಎಲ್ಲವನ್ನೂ ಹೇಳಿದೆನು. ಅವನು ಕೊಡಲಿಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿ, ಎರಡು ಗುಳಿಗಳನ್ನು ತೋರಿಸಿ, ಇವು ಮೊದಲಿನಿಂದಲೂ ಇದ್ದವು ಅಂದನು. ಮಿಕ್ಕವುಗಳ ವಿಷಯದಲ್ಲಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಹುಣಿಸೆಹುಳಿ ಎಷ್ಟು ಹಾಕಿದೆ ಎಂದು ಕೇಳಿದನು. ಅವನ ಅಟ್ಟದ ಮೇಲೆ ನೇಗಿಲಿನ ಕುಳವೊಂದು ಬಿದ್ದಿತ್ತಂತೆ.